ಪೂಲ್ ನೀರು ಕೆಟ್ಟಾಗ ಮೊದಲು ಬಿಳಿ ಬಕೆಟ್ ತನ್ನಿ: ಕರಾವಳಿಯ ಮನೆ ಈಜುಕೊಳದ ದೋಷ ಹುಡುಕುವ ಬಗೆ

ಮೇ ತಿಂಗಳ ಎರಡನೇ ವಾರ. ಕಟಪಾಡಿ ಹತ್ತಿರದ ಒಂದು ಮನೆಯಿಂದ ಬೆಳಿಗ್ಗೆ ಏಳು ಗಂಟೆಗೇ ಫೋನ್ ಬಂತು. "ಅಣ್ಣ, ಪೂಲ್ ನೀರು ಹಸಿರಾಗಿದೆ. ನಿನ್ನೆ ರಾತ್ರಿ ಕ್ಲೋರಿನ್ ಹಾಕಿದ್ದೆವು, ಕಮ್ಮಿ ಆಯ್ತೋ ಏನೋ. ಇನ್ನೆಷ್ಟು ಹಾಕಬೇಕು?"

"ಈಗ ಏನೂ ಹಾಕಬೇಡಿ ಮಾರಾಯ್ರೆ. ಒಂದು ಬಿಳಿ ಬಕೆಟ್ ತೆಗೆದಿಡಿ, ನಾನು ಬರ್ತೇನೆ" ಅಂದೆ.

ಹೋಗಿ ನೋಡಿದರೆ ನೀರು ಹಸಿರು ಹೌದು. ಆದರೆ ಆಳದ ಕಡೆಯ ತಳದ ಜಾಲರಿ ಚೆನ್ನಾಗಿಯೇ ಕಾಣುತ್ತಿತ್ತು. ಟೈಲಿನ ಗೆರೆಗಳನ್ನು ಎಣಿಸಬಹುದಿತ್ತು. ಬಕೆಟಿಗೆ ಅವರ ಬೋರ್‌ವೆಲ್ ನೀರು ಹಿಡಿದೆ. ತಿಳಿ ನೀರು, ಒಂದು ಚೂರೂ ಬಣ್ಣ ಇಲ್ಲ. ಅದಕ್ಕೆ ಒಂದು ಚಿಟಿಕೆ ಕ್ಲೋರಿನ್ ಪುಡಿ ಹಾಕಿ ಕಡ್ಡಿಯಲ್ಲಿ ತಿರುಗಿಸಿದೆ. ಸ್ವಲ್ಪ ಹೊತ್ತಿನಲ್ಲಿ ನೀರು ಹಳದಿಯಾಯಿತು, ಆಮೇಲೆ ಹಾಲಿಲ್ಲದ ಚಾದ ಬಣ್ಣಕ್ಕೆ ಬಂತು. ಅದು ಪಾಚಿ ಅಲ್ಲ, ಕಬ್ಬಿಣ. ಬಾವಿ ಬತ್ತಿದ್ದರಿಂದ ಒಂದು ವಾರದಿಂದ ಪೂಲಿಗೆ ಬೋರ್‌ವೆಲ್ ನೀರು ಬಿಡುತ್ತಿದ್ದರು. ನೀರಿನಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ತಾಗಿದ ಕೂಡಲೇ ಬಣ್ಣ ತೋರಿಸಿತು. ಅವರು ಇನ್ನೆರಡು ಕಿಲೋ ಕ್ಲೋರಿನ್ ಸುರಿದಿದ್ದರೆ ಟೈಲಿಗೆಲ್ಲ ಕಂದು ಕಲೆ ಕೂರುತ್ತಿತ್ತು.

ಮಂಗಳೂರು, ಉಡುಪಿ ನಡುವಿನ ಮನೆಗಳ ಪೂಲ್ ಕೆಲಸಕ್ಕೆ ಓಡಾಡುವವನು ನಾನು. ನಾನು ನೋಡಿದ ಹಾಳಾದ ಪೂಲುಗಳಲ್ಲಿ ಜಾಸ್ತಿ ಹಾಳಾದದ್ದು ದೋಷದಿಂದ ಅಲ್ಲ, ದೋಷ ಏನೆಂದು ನೋಡುವ ಮೊದಲೇ ಸುರಿದ ಔಷಧಿಯಿಂದ. ಒಂದೇ ಬಗೆಯ ಹಸಿರಿಗೆ ಮೂರು ಕಾರಣ ಇರಬಹುದು. ಇಳಿಯುವ ನೀರಿಗೆ ನಾಲ್ಕು ದಾರಿ ಇರಬಹುದು. ಮೊದಲು ಯಾವುದೆಂದು ಗೊತ್ತಾಗಬೇಕು, ಅಲ್ವಾ?

ನಮ್ಮ ನೀರು ಎಂಥದ್ದು

ಔಷಧಿ ಡಬ್ಬಿಯ ಮೇಲಿನ ಸೂಚನೆಗಳು ಬೇರೆ ಊರಿನ ನೀರಿಗೆ ಹೊಂದುವಂಥವು. ನಮ್ಮದು ಮುರಕಲ್ಲಿನ ನೆಲ. ಇಲ್ಲಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಕೆಳಗಿದ್ದರೆ ಹುಳಿ) 6ರ ಆಸುಪಾಸು ಇರುವುದು ಇಲ್ಲಿ ಹೊಸತಲ್ಲ. ಕುಡಿಯಲು ರುಚಿಯಾಗಿರುತ್ತದೆ, ಸೋಪು ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ. ಪೂಲಿಗೆ ಮಾತ್ರ ಇದೇ ತೊಂದರೆ. ಹುಳಿ ನೀರಿಗೆ ಸುಣ್ಣದ ಅಂಶ ಬೇಕು. ಅದು ನೀರಿನಲ್ಲಿ ಸಿಗದಿದ್ದರೆ ಟೈಲುಗಳ ನಡುವಿನ ಗ್ರೌಟಿನಿಂದ ಎಳೆದುಕೊಳ್ಳುತ್ತದೆ. ಮೆಟ್ಟಿಲಿನ ಮೇಲೆ ಕೈಯಾಡಿಸಿದಾಗ ಗ್ರೌಟ್ ಮರಳು ಮರಳಾಗಿ ಉದುರಿದರೆ, ಮೊಸಾಯಿಕ್ ಚೂರುಗಳು ಒಂದೊಂದಾಗಿ ಏಳುತ್ತಿದ್ದರೆ, ಮೇಸ್ತ್ರಿಯನ್ನು ಬಯ್ಯುವ ಮೊದಲು ನೀರನ್ನು ಪರೀಕ್ಷಿಸಿ.

ಇದರ ಮೇಲೆ ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಪೂಲಿನ ಸರಾಸರಿ ಆಳ 1.3 ಮೀಟರ್ ಎಂದಿಟ್ಟುಕೊಳ್ಳಿ. ಅದರ ಆಳದ ಎರಡೂವರೆ ಪಟ್ಟು ನೀರು ಒಂದು ವರ್ಷದಲ್ಲಿ ಆಕಾಶದಿಂದಲೇ ಬೀಳುತ್ತದೆ. ಮಳೆನೀರಿನ ಪಿಎಚ್ 5.6ರ ಹತ್ತಿರ, ಅದರಲ್ಲಿ ಸುಣ್ಣವೂ ಇಲ್ಲ, ಆಲ್ಕಲಿನಿಟಿಯೂ (ಪಿಎಚ್ ಏರಿಳಿಯದ ಹಾಗೆ ಹಿಡಿದಿಡುವ ಅಂಶ) ಇಲ್ಲ. ನೀವು ಹಾಕಿದ್ದೆಲ್ಲ ತುಂಬಿ ಹರಿದು ಹೋಗುತ್ತದೆ.

ಹಾಗಾಗಿ ನಮ್ಮಲ್ಲಿ ಮೊದಲು ಸರಿ ಮಾಡಬೇಕಾದದ್ದು ಆಲ್ಕಲಿನಿಟಿ. ಅದು 80ರಿಂದ 120 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ) ಒಳಗೆ ನಿಂತರೆ ಪಿಎಚ್ ಕೂಡ ನಿಲ್ಲುತ್ತದೆ. ಪಿಎಚ್ 7.2ರಿಂದ 7.6 ಇರಲಿ. ಫ್ರೀ ಕ್ಲೋರಿನ್, ಅಂದರೆ ಇನ್ನೂ ಕೆಲಸ ಮಾಡಲು ಉಳಿದ ಕ್ಲೋರಿನ್, 1ರಿಂದ 3 ಪಿಪಿಎಂ. ಗಡಸುತನ, ಅಂದರೆ ಸುಣ್ಣದ ಅಂಶ, ಕನಿಷ್ಠ 200. ಆಲ್ಕಲಿನಿಟಿ ಏರಿಸಲು ಅಡುಗೆ ಸೋಡಾ ಸಾಕು. 40,000 ಲೀಟರ್ ಪೂಲಿನಲ್ಲಿ 10 ಪಿಪಿಎಂ ಏರಬೇಕಾದರೆ ಸುಮಾರು 700 ಗ್ರಾಂ ಬೇಕು. ಪೂಲ್ ಎಷ್ಟು ಲೀಟರಿನದು ಎಂದು ಗೊತ್ತಿಲ್ಲದಿದ್ದರೆ ಮೀಟರಿನಲ್ಲಿ ಉದ್ದ, ಅಗಲ, ಸರಾಸರಿ ಆಳ ಗುಣಿಸಿ, 1,000ದಿಂದ ಗುಣಿಸಿ. 8 ಮೀಟರ್ ಉದ್ದ, 4 ಮೀಟರ್ ಅಗಲ, 1.3 ಮೀಟರ್ ಆಳ ಅಂದರೆ 41,600 ಲೀಟರ್.

ಕ್ಲೋರಿನ್ ಯಾವುದು ಒಳ್ಳೆಯದು ಎಂದು ತುಂಬ ಜನ ಕೇಳುತ್ತಾರೆ. ನಮ್ಮ ಕರಾವಳಿಯ ಮೆದು ನೀರಿಗೆ ನಾನು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯನ್ನೇ ಹೇಳುವುದು, 65ರಿಂದ 70 ಶೇಕಡಾದ್ದು. ಕ್ಲೋರಿನ್ ಜೊತೆಗೆ ಸುಣ್ಣದ ಅಂಶವನ್ನೂ ಕೊಡುತ್ತದೆ. ತೇಲುವ ಡಬ್ಬಿಯಲ್ಲಿ ಇಡುವ ಬಿಳಿ ಮಾತ್ರೆ, ಅಂದರೆ ಟಿಸಿಸಿಎ, ಸುಲಭ ನಿಜ. ಆದರೆ ಅದು ಹುಳಿ. ಮೊದಲೇ ಹುಳಿಯಾದ ನೀರಿಗೆ ಇನ್ನಷ್ಟು ಹುಳಿ ಹಿಂಡಿದ ಹಾಗೆ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸಿಕ್ಕಿದಾಗ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ. ಇದು 30ರಿಂದ 50 ಇದ್ದರೆ ಬಿಸಿಲಿನಿಂದ ಕ್ಲೋರಿನನ್ನು ಕಾಯುತ್ತದೆ. ಜಾಸ್ತಿಯಾದರೆ ಕ್ಲೋರಿನ್ ಇದ್ದೂ ಕೆಲಸ ಮಾಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಬರೀ ಮಾತ್ರೆಯಲ್ಲೇ ನಡೆದ ಪೂಲಿನಲ್ಲಿ ಕಿಟ್ ಕ್ಲೋರಿನ್ ತೋರಿಸುತ್ತಿದ್ದರೂ ಪಾಚಿ ಬರುತ್ತಿದ್ದರೆ ಮೊದಲು ಇದನ್ನೇ ಅಳೆಯಿರಿ. ಇದನ್ನು ಇಳಿಸಲು ಮನೆಯಲ್ಲಿ ಇರುವ ದಾರಿ ಒಂದೇ, ಸ್ವಲ್ಪ ನೀರು ತೆಗೆದು ಹೊಸ ನೀರು ಬಿಡುವುದು. ಮಳೆಗಾಲ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಕಿಟ್ ಬಗ್ಗೆ ಒಂದು ಮಾತು. ಹಳದಿ ಬಣ್ಣ ತೋರಿಸುವ ಹಳೆ ಬಗೆಯ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಪಿಂಕ್ ಬಣ್ಣ ಬರುವ ಡಿಪಿಡಿ ಕಿಟ್ ತೆಗೆದುಕೊಳ್ಳಿ. ಅದರಲ್ಲೂ ಒಂದು ಮೋಸ ಇದೆ. ಹನಿ ಬಿದ್ದ ಕೂಡಲೇ ಪಿಂಕ್ ಮಿಂಚಿ ಕ್ಷಣದಲ್ಲಿ ಮಾಯವಾಗಿ ನೀರು ತಿಳಿಯಾದರೆ ಕ್ಲೋರಿನ್ ಸೊನ್ನೆ ಎಂದುಕೊಳ್ಳಬೇಡಿ. ಕ್ಲೋರಿನ್ ಅತಿಯಾಗಿ ಬಣ್ಣವನ್ನೇ ಅಳಿಸಿದೆ ಎಂದರ್ಥ. ಅರ್ಧ ಪೂಲ್ ನೀರು, ಅರ್ಧ ಬಾಟಲಿ ನೀರು ಸೇರಿಸಿ ಮತ್ತೆ ನೋಡಿ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಪೇಪರ್ ಪಟ್ಟಿಗಳು ನಮ್ಮ ಜುಲೈ ತಿಂಗಳ ತೇವಕ್ಕೆ ಬೇಗ ಹಾಳಾಗುತ್ತವೆ. ನಾನು ಅವನ್ನು ನಂಬುವುದಿಲ್ಲ.

ಹಸಿರು ನೀರು

ಬಿಳಿ ಬಕೆಟಿಗೆ ಪೂಲ್ ನೀರು ತುಂಬಿ ಬೆಳಕಿನಲ್ಲಿ ನೋಡಿ. ಹಸಿರಾದರೂ ತಿಳಿಯಾಗಿದ್ದರೆ ಲೋಹದ ಸಂಶಯ. ಹಸಿರಾಗಿ ಮಬ್ಬಾಗಿದ್ದರೆ, ಗೋಡೆ ಜಾರುತ್ತಿದ್ದರೆ ಪಾಚಿ. ನೀರು ಸರಿಯಿದ್ದು, ನೆರಳು ಬೀಳುವ ಗೋಡೆಯಲ್ಲಿ ಮಾತ್ರ ಅರಿಸಿನದ ಪುಡಿ ಎರಚಿದ ಹಾಗೆ ಕಂಡರೆ ಅದೂ ಪಾಚಿಯೇ, ಹಳದಿ ಜಾತಿಯದ್ದು. ಬ್ರಷ್ ಮುಟ್ಟಿಸಿದರೆ ಹೊಗೆಯ ಹಾಗೆ ಏಳುತ್ತದೆ, ಮರುದಿನ ಅದೇ ಜಾಗದಲ್ಲಿ ಕೂತಿರುತ್ತದೆ.

ಲೋಹದಲ್ಲಿ ಎರಡು ಬಗೆ. ಒಂದು ಬೋರ್‌ವೆಲ್ಲಿನ ಕಬ್ಬಿಣ. ಇನ್ನೊಂದು ತಾಮ್ರ. ನಮ್ಮಲ್ಲಿ ಅಡಿಕೆ ತೋಟ ಇರುವ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತು (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಪಾಚಿಗೆ ಅದು ಒಳ್ಳೆಯದು ಎಂದು ಯಾರೋ ಹೇಳಿದರೆಂದು ಒಂದು ಮುಷ್ಟಿ ಪೂಲಿಗೆ ಎರಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಾಮ್ರ ನೀರಿನಲ್ಲೇ ಉಳಿಯುತ್ತದೆ. ಪಿಎಚ್ ಮೇಲೇರಿದಾಗ ಗೋಡೆಗೆ ಹಸಿರು ನೀಲಿ ಕಲೆಯಾಗಿ ಕೂರುತ್ತದೆ. ನರೆತ ಕೂದಲಿಗೆ ಹಸಿರು ಹಿಡಿಯುವುದು ಕೂಡ ಇದರಿಂದಲೇ.

ಕಲೆ ಯಾವುದರದ್ದು ಎಂದು ತಿಳಿಯಲು ಮೆಡಿಕಲ್ ಶಾಪಿನ ವಿಟಮಿನ್ ಸಿ ಮಾತ್ರೆ ಒಂದು ಸಾಕು. ಕಲೆಯ ಮೇಲೆ ಅದನ್ನು ಒತ್ತಿ ಅರ್ಧ ನಿಮಿಷ ಉಜ್ಜಿ. ಕಲೆ ಮಾಸಿದರೆ ಕಬ್ಬಿಣ. ಜಗ್ಗದಿದ್ದರೆ ಅದೇ ಜಾಗಕ್ಕೆ ಸ್ವಲ್ಪ ಕ್ಲೋರಿನ್ ಪುಡಿ ಮುಟ್ಟಿಸಿ ನೋಡಿ. ಅದಕ್ಕೆ ಮಾಸಿದರೆ ಎಲೆಯ ಕಲೆ. ಹಲಸಿನೆಲೆ, ಗೇರು ಎಲೆ, ತೆಂಗಿನ ಸಿಂಗಾರದ ಚೂರು ಎರಡು ದಿನ ತಳದಲ್ಲಿ ಕೂತರೆ ಸಾಕು, ಅಚ್ಚೊತ್ತಿದ ಹಾಗೆ ಕಲೆ ಬೀಳುತ್ತದೆ.

ಪಾಚಿಯೇ ಆದರೆ ಕೆಲಸ ಸಂಜೆ ಶುರು ಮಾಡಿ. ಬಿಸಿಲಿಗೆ ಕ್ಲೋರಿನ್ ಹಾರಿ ಹೋಗುತ್ತದೆ. ಪಿಎಚ್ 7.2ಕ್ಕೆ ತನ್ನಿ. ಗೋಡೆ, ಮೆಟ್ಟಿಲು, ಏಣಿಯ ಹಿಂದೆ, ಎಲ್ಲ ಕಡೆ ಬ್ರಷ್ ಆಗಬೇಕು. 40,000 ಲೀಟರಿಗೆ 10 ಪಿಪಿಎಂ ಕ್ಲೋರಿನ್ ಬೇಕಾದರೆ 65 ಶೇಕಡಾದ ಪುಡಿ 615 ಗ್ರಾಂ. ಪ್ಲಾಸ್ಟಿಕ್ ಬಕೆಟಿನ ನೀರಿಗೆ ಪುಡಿ ಹಾಕಿ ಕರಗಿಸಿ, ಮೇಲಿನ ತಿಳಿಯನ್ನು ಪೂಲಿನ ಸುತ್ತ ಹೊಯ್ಯಿರಿ. ಪಂಪು ರಾತ್ರಿ ಹಗಲು ಓಡಲಿ. ಬೆಳಿಗ್ಗೆ ನೀರು ಬೂದು ಬಿಳಿಯಾಗಿ ಕಂಡರೆ ಹೆದರಬೇಡಿ, ಸತ್ತ ಪಾಚಿ ಅದು. ಅದನ್ನು ಹಿಡಿಯುವುದು ಫಿಲ್ಟರಿನ ಕೆಲಸ, ಎರಡು ಮೂರು ದಿನ ಬೇಕಾಗುತ್ತದೆ.

ಪಾಚಿ ನಿಜವಾಗಿ ಸತ್ತಿದೆಯಾ ಎಂದು ತಿಳಿಯುವುದು ಹೇಗೆ? ಸೂರ್ಯ ಮುಳುಗಿದ ಮೇಲೆ ಫ್ರೀ ಕ್ಲೋರಿನ್ ಅಳೆದು ಬರೆದಿಡಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ಅದನ್ನು ತಿನ್ನುವ ಏನೋ ಒಂದು ಇನ್ನೂ ನೀರಿನಲ್ಲಿದೆ. ಮತ್ತೆ ಹಾಕಿ. ಇಳಿಯದೆ ನಿಂತರೆ ಕೆಲಸ ಮುಗಿಯಿತು. ನೀರು ನೋಡಲು ಚಂದ ಕಂಡಿತೆಂದು ಮಧ್ಯದಲ್ಲಿ ನಿಲ್ಲಿಸಿದವರು ವಾರದಲ್ಲಿ ಮತ್ತೆ ಫೋನ್ ಮಾಡುತ್ತಾರೆ.

ಕಣ್ಣು ಉರಿಯುತ್ತದೆ, ಕ್ಲೋರಿನ್ ವಾಸನೆ ಜೋರು ಎಂದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದಲ್ಲ. ಬೆವರು, ಮೂತ್ರದ ಜೊತೆ ಸೇರಿ ಕೆಟ್ಟ ಕ್ಲೋರಿನ್ ಅದು. ಒಟ್ಟು ಕ್ಲೋರಿನಿನಲ್ಲಿ ಫ್ರೀ ಕ್ಲೋರಿನ್ ಕಳೆದರೆ ಅದರ ಲೆಕ್ಕ ಸಿಗುತ್ತದೆ. ಅದರ ಹತ್ತು ಪಟ್ಟು ಕ್ಲೋರಿನ್ ಒಂದೇ ಸಲ ಹಾಕಿದರೆ ಹೋಗುತ್ತದೆ.

ಮಬ್ಬು ನೀರು, ಫಿಲ್ಟರಿನ ಗೇಜ್

ಫಿಲ್ಟರಿನ ಮೇಲೆ ಒತ್ತಡ ತೋರಿಸುವ ಒಂದು ಗೇಜ್ ಇರುತ್ತದಲ್ಲ, ಅದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರಿನ ಮರಳು ತೊಳೆಯುವುದು) ಮಾಡಿದ ಕೂಡಲೇ ಮುಳ್ಳು ಎಲ್ಲಿದೆಯೋ ಆ ಸಂಖ್ಯೆಯನ್ನು ಪೇಂಟಿನಲ್ಲಿ ಟ್ಯಾಂಕಿನ ಮೇಲೆ ಬರೆಯಿರಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಮೇಲೇರಿದರೆ ಮರಳು ಕಟ್ಟಿದೆ, ಬ್ಯಾಕ್‌ವಾಶ್ ಮಾಡಿ. ಕೆಳಗೆ ಇಳಿದಿದ್ದರೆ ತಡೆ ಫಿಲ್ಟರಿನಲ್ಲಿಲ್ಲ, ನೀರು ಫಿಲ್ಟರಿಗೆ ಬರುವ ಮೊದಲೇ ಇದೆ: ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆಯುವ ಬಾಯಿ) ಬುಟ್ಟಿ, ಪಂಪಿನ ಬುಟ್ಟಿ, ಇಲ್ಲವೇ ಪಂಪಿನೊಳಗೆ ನೀರು ತಳ್ಳುವ ಚಕ್ರ ಇಂಪೆಲ್ಲರಿನಲ್ಲಿ ಸಿಕ್ಕಿದ ಕಸ. ಒಂದು ಸಲ ಬುಟ್ಟಿ ತೆರೆದರೆ ಗೊತ್ತಾಗುವ ವಿಷಯ ಇದು.

ಫಿಲ್ಟರಿನ ವಾಲ್ವಿನ ಹಿಡಿ ತಿರುಗಿಸುವ ಮೊದಲು ಪಂಪು ಆಫ್ ಆಗಿರಲೇಬೇಕು. ಓಡುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಜಾಗ ಬಿಟ್ಟು ಸರಿಯುತ್ತದೆ. ಬ್ಯಾಕ್‌ವಾಶ್ ಆದ ಮೇಲೆ ಅರ್ಧ ನಿಮಿಷ ರಿನ್ಸ್ ಮಾಡದಿದ್ದರೆ ಕೊಳೆ ವಾಪಸ್ ಪೂಲಿಗೇ ಬರುತ್ತದೆ. ಪೂಲಿಗೆ ನೀರು ಬರುವ ಬಾಯಿಯ ಕೆಳಗೆ ಮರಳು ಗುಡ್ಡೆಯಾಗುತ್ತಿದ್ದರೆ ಟ್ಯಾಂಕಿನ ತಳದ ಲ್ಯಾಟರಲ್ ಕೊಳವೆ ಒಡೆದಿದೆ. ಮರಳು ಪೂರ್ತಿ ತೆಗೆಯದೆ ಅದನ್ನು ಬದಲಿಸಲು ಆಗುವುದಿಲ್ಲ.

ಬ್ಯಾಕ್‌ವಾಶ್ ನೀರು ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ನಮ್ಮ ಕಂಪೌಂಡುಗಳಲ್ಲಿ ಕುಡಿಯುವ ಬಾವಿ ಹತ್ತಿರದಲ್ಲೇ ಇರುತ್ತದೆ. ಆ ನೀರು ಬಾವಿಯ ಕಡೆಗೆ ಇಳಿಯಬಾರದು. ಒಂದು ಗುಂಡಿಯಲ್ಲಿ ಎರಡು ಮೂರು ದಿನ ಬಿಸಿಲಿಗೆ ಬಿಟ್ಟು ಆಮೇಲೆ ತೆಂಗಿನ ಬುಡಕ್ಕೆ ಬಿಡಿ.

ನೀರಿನ ಮಟ್ಟ ಇಳಿಯುತ್ತಿದೆ

ಬೇಸಿಗೆಯಲ್ಲಿ ಗಾಳಿ, ಬಿಸಿಲು ಇದ್ದರೆ ದಿನಕ್ಕೆ 5, 6 ಮಿಲಿಮೀಟರ್ ಆವಿಯಾಗಿ ಹೋಗುವುದು ಸಹಜ. 8 ಮೀಟರಿಗೆ 4 ಮೀಟರ್ ಪೂಲಿನಲ್ಲಿ ಒಂದು ಮಿಲಿಮೀಟರ್ ಅಂದರೆ 32 ಲೀಟರ್. ಹಾಗಾಗಿ ದಿನಕ್ಕೆ ಇನ್ನೂರು ಲೀಟರ್ ಹೋದರೆ ಗಾಬರಿ ಬೇಡ. ಎಂಟುನೂರು ಹೋದರೆ ಸೋರಿಕೆ.

ಸಂಶಯ ಬಿಡಿಸಲು ಮತ್ತೆ ಬಕೆಟ್ ಬೇಕು. ಮಳೆ ಇಲ್ಲದ ದಿನ, ನೀರು ತಾನಾಗಿ ತುಂಬುವ ಫ್ಲೋಟ್ ವಾಲ್ವ್ ಇದ್ದರೆ ಮೊದಲು ಬಂದ್ ಮಾಡಿ. ಬಕೆಟಿಗೆ ಪೂಲ್ ನೀರು ತುಂಬಿ, ಒಳಗೆ ಒಂದು ಕಲ್ಲಿಟ್ಟು, ಎರಡನೇ ಮೆಟ್ಟಿಲ ಮೇಲೆ ಇಡಿ. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟದಲ್ಲಿರಲಿ. ಎರಡಕ್ಕೂ ಗುರುತು ಹಾಕಿ. 24 ಗಂಟೆ ಬಿಟ್ಟು ನೋಡಿ. ಎರಡೂ ಸಮ ಇಳಿದಿದ್ದರೆ ಆವಿ. ಹೊರಗಿನದು ಜಾಸ್ತಿ ಇಳಿದಿದ್ದರೆ ಸೋರಿಕೆ. ಇದನ್ನು ಒಂದು ದಿನ ಪಂಪು ಓಡಿಸಿ, ಇನ್ನೊಂದು ದಿನ ನಿಲ್ಲಿಸಿ ಮಾಡಿ. ಪಂಪು ಓಡುವಾಗ ಜಾಸ್ತಿ ಇಳಿದರೆ ಫಿಲ್ಟರಿನಿಂದ ಪೂಲಿಗೆ ವಾಪಸ್ ಬರುವ ಪೈಪು ಒಡೆದಿರಬೇಕು, ಇಲ್ಲವೇ ವಾಲ್ವ್ ಸೋರುತ್ತಿರಬೇಕು. ಫಿಲ್ಟರ್ ಸ್ಥಾನದಲ್ಲಿ ಪಂಪು ಓಡುವಾಗ ಹೊರಗೆ ಬಿಡುವ ಪೈಪಿನ ತುದಿ ನೋಡಿ. ಅಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ವಾಲ್ವಿನ ಗ್ಯಾಸ್ಕೆಟ್ ಹೋಗಿದೆ. ಬಜ್ಪೆ ಕಡೆಯ ಒಂದು ಮನೆಯಲ್ಲಿ ಪೂಲಿನ ಸುತ್ತ ಅಗೆಯಲು ಆಳು ಕರೆಸಿದ್ದರು. ಸೋರಿಕೆ ಇದ್ದದ್ದು ಆ ಗ್ಯಾಸ್ಕೆಟಿನಲ್ಲಿ. ನೀರು ಬಾಳೆ ಗಿಡಗಳ ನಡುವೆ ಇಳಿದು ಹೋಗುತ್ತಿದ್ದುದರಿಂದ ಯಾರಿಗೂ ಕಂಡಿರಲಿಲ್ಲ.

ಪಂಪು ನಿಲ್ಲಿಸಿದರೂ ಅಷ್ಟೇ ಇಳಿಯುತ್ತಿದ್ದರೆ ತೊಟ್ಟಿಯಲ್ಲೇ ಬಿರುಕು. ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಕಾದು ನೋಡಿ. ಸ್ಕಿಮ್ಮರ್ ಬಾಯಿಯ ಹತ್ತಿರ ನಿಂತರೆ ಅಲ್ಲಿ, ಲೈಟಿನ ಮಟ್ಟಕ್ಕೆ ನಿಂತರೆ ಲೈಟಿನ ವಯರ್ ಪೈಪಿನಲ್ಲಿ ಹುಡುಕಿ. ಜಾಗ ಸಿಕ್ಕಿದ ಮೇಲೆ ಪಂಪು ನಿಲ್ಲಿಸಿ, ನೀರು ಅಲುಗಾಡದ ಹಾಗೆ ಇಳಿದು, ಸಿರಿಂಜಿನಲ್ಲಿ ಕೆಂಪು ಅಡುಗೆ ಬಣ್ಣದ ಎರಡು ಹನಿ ಬಿರುಕಿನ ಹತ್ತಿರ ಬಿಡಿ. ಬಣ್ಣ ಅಲ್ಲೇ ಮೋಡದ ಹಾಗೆ ನಿಂತರೆ ಸೋರಿಕೆ ಇಲ್ಲ. ನೂಲಿನ ಹಾಗೆ ಸಪೂರವಾಗಿ ಒಳಗೆ ಎಳೆದುಕೊಂಡರೆ ಅದೇ ಜಾಗ. ಸಣ್ಣ ಬಿರುಕಿಗೆ ನೀರಿನೊಳಗೇ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಸಾಕು.

ಇನ್ನೊಂದು ಗುಟ್ಟು. ಡಿಸೆಂಬರಿನಲ್ಲಿ ಸೋರುವ ಪೂಲ್ ಜುಲೈಯಲ್ಲಿ ಸೋರದಿದ್ದರೆ ತಾನಾಗಿ ವಾಸಿಯಾಯಿತು ಎಂದುಕೊಳ್ಳಬೇಡಿ. ಹೊರಗಿನ ನೆಲದ ನೀರು ಪೂಲಿನ ಮಟ್ಟಕ್ಕೇ ಬಂದು ಒತ್ತಿ ಹಿಡಿದಿದೆ, ಅಷ್ಟೇ.

ಮಳೆಗಾಲದಲ್ಲಿ ಖಾಲಿ ಮಾಡಬೇಡಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಮೂಲ್ಕಿ ಕಡೆ ಒಂದು ಮನೆ. ಕಂಪೌಂಡಿನ ಕೆಳಗೆ ಗದ್ದೆ. ಆಟಿ ತಿಂಗಳ (ಜುಲೈ, ಆಗಸ್ಟ್) ಜೋರು ಮಳೆ. ಬಾವಿ ಎಷ್ಟು ತುಂಬಿತ್ತೆಂದರೆ ಬಗ್ಗಿ ಕೊಡಪಾನದಲ್ಲಿ ನೀರು ಮೊಗೆಯಬಹುದಿತ್ತು. ಪೂಲ್ ಪಾಚಿ ಹಿಡಿದಿದೆ, ಹೇಗೂ ಮಳೆ ಇದೆ, ಖಾಲಿ ಮಾಡಿ ಉಜ್ಜಿದರೆ ಪುಕ್ಕಟೆ ತುಂಬುತ್ತದೆ ಎಂದು ಮನೆಯವರು ಯೋಚಿಸಿದರು. ಸಂಜೆಯೊಳಗೆ ಪಂಪಿಟ್ಟು ನೀರು ತೆಗೆದರು. ಮರುದಿನ ಬೆಳಿಗ್ಗೆ ನಾನು ನೋಡಿದಾಗ ಆಳದ ಕಡೆಯ ತಳ ಹಪ್ಪಳದ ಹಾಗೆ ಉಬ್ಬಿತ್ತು. ಟೈಲುಗಳು ಎರಡು ಸಾಲಿನಲ್ಲಿ ಎದುರುಬದುರು ಒರಗಿ ಎದ್ದು ನಿಂತಿದ್ದವು. ನಡುವಿನ ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಅದರಿಂದ ಐಸಿನಷ್ಟು ತಣ್ಣಗಿನ ತಿಳಿ ನೀರು ಸದ್ದಿಲ್ಲದೆ ಉಕ್ಕುತ್ತಿತ್ತು. ಮನೆಯ ಅಮ್ಮ ದಂಡೆಯಲ್ಲಿ ಕೂತು ಒಂದೇ ಮಾತು ಕೇಳಿದರು: "ನಾವು ನೀರು ತೆಗೆದದ್ದು ಮಾತ್ರ ಅಲ್ವಾ?"

ನೀರು ತೆಗೆದದ್ದೇ ಕಾರಣ. ನೆಲದೊಳಗಿನ ನೀರು ಪೂಲಿನ ತಳಕ್ಕಿಂತ ಒಂದು ಮೀಟರ್ ಮೇಲಿದ್ದರೆ ತಳದ ಪ್ರತಿ ಚದರ ಮೀಟರನ್ನು 1,000 ಕಿಲೋ ಭಾರದಷ್ಟು ಬಲದಲ್ಲಿ ಮೇಲೆ ಒತ್ತುತ್ತದೆ. 32 ಚದರ ಮೀಟರ್ ತಳಕ್ಕೆ 32 ಟನ್. ಇಷ್ಟು ದಿನ ಅದನ್ನು ಒತ್ತಿ ಹಿಡಿದದ್ದು ಒಳಗಿನ ನೀರು. ಆ ನೀರು ಹೋದರೆ ಕಾಂಕ್ರೀಟ್ ಬಿರಿಯುತ್ತದೆ. ಫೈಬರ್ ಪೂಲ್ ಆದರೆ ದೋಣಿಯ ಹಾಗೆ ತೇಲಿ ಏಳುತ್ತದೆ.

ಖಾಲಿ ಮಾಡುವ ಮೊದಲು ನಿಮ್ಮ ಬಾವಿಯನ್ನು ಕೇಳಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ನೆಲದ ಮಟ್ಟದಿಂದ ನೀರಿನವರೆಗೆ ಅಳೆಯಿರಿ. ಅದು ಪೂಲಿನ ಅತಿ ಆಳಕ್ಕಿಂತ ಕನಿಷ್ಠ ಒಂದು ಮೀಟರ್ ಜಾಸ್ತಿ ಇರಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ಗುಡ್ಡದ ಮೇಲಿನ ಮನೆಯವರಿಗೆ ಅಪಾಯ ಕಡಿಮೆ. ಗದ್ದೆ, ತೋಡು, ಸಮುದ್ರದ ಬದಿಯವರು ಎಚ್ಚರ. ಪೂಲಿನ ತಳದಲ್ಲಿ ಒತ್ತಡ ಬಿಡುವ ವಾಲ್ವ್ ಇದೆ ಎಂದು ಕಟ್ಟಿದವರು ಹೇಳಿದರೂ ಅದನ್ನೊಂದೇ ನಂಬಬೇಡಿ, ಮಣ್ಣು ಕಟ್ಟಿ ಕೂತಿರಬಹುದು. ದೊಡ್ಡ ರಿಪೇರಿ ಇದ್ದರೆ ಮಕರ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಸಮಯ ಒಳ್ಳೆಯದು. ಬಾವಿ ಇಳಿದಿರುತ್ತದೆ, ಆದರೆ ಮತ್ತೆ ತುಂಬಿಸಲು ನೀರಿಗೆ ಬರ ಬಂದಿರುವುದಿಲ್ಲ. ಏಪ್ರಿಲ್, ಮೇಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲೂ ಉಡುಪಿಗೆ ಕೊಡುವ ಬಜೆಯಲ್ಲೂ ನೀರು ತಳ ಕಾಣುವಾಗ 40,000 ಲೀಟರ್ ಎಲ್ಲಿಂದ ತರುವುದು?

ಪಂಪು

ಪೂಲಿಗೆ ಬರುವ ನೀರಿನ ಜೊತೆ ಗುಳ್ಳೆ ಬರುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ನೀರಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕಿಂತ ಕೆಳಗಿದೆಯಾ ನೋಡಿ. ಇಲ್ಲದಿದ್ದರೆ ಪಂಪಿನ ಬುಟ್ಟಿಯ ಮುಚ್ಚಳ. ಪಂಪು ಓಡುವಾಗ ಮುಚ್ಚಳದ ಸುತ್ತ ಶೇವಿಂಗ್ ನೊರೆ ಹಚ್ಚಿ. ನೊರೆ ಎಲ್ಲಿ ಒಳಗೆ ಎಳೆಯಲ್ಪಟ್ಟು ಗುಳಿ ಬೀಳುತ್ತದೋ ಅಲ್ಲಿಂದ ಗಾಳಿ. ಓ-ರಿಂಗ್ ತೆಗೆದು ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿ. ವ್ಯಾಸಲಿನ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಮೋಟರ್ ಹೂಂ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಹಾಗೇ ಬಿಟ್ಟರೆ ಕಾಯಿಲ್ ಸುಡುತ್ತದೆ. ಮೇನ್ ತೆಗೆದ ಮೇಲೆ ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಹೋಗಿರುವ ಸಾಧ್ಯತೆ ಜಾಸ್ತಿ. ಅದನ್ನು ಎಲೆಕ್ಟ್ರಿಶಿಯನ್ನೇ ಬದಲಿಸಲಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತದೆ. ತಿರುಗದೆ ಬಿಗಿಯಾಗಿದ್ದರೆ ತುಕ್ಕು. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಪಂಪಿಗೆ, ಕಡಲ ಗಾಳಿ ತಾಗುವ ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆಯ ಮನೆಗಳಿಗೆ ಇದು ಸಾಮಾನ್ಯ. ಯಾರೂ ಈಜದಿದ್ದರೂ ದಿನಕ್ಕೆ ಒಂದಷ್ಟು ಹೊತ್ತು ಓಡಿಸಿ.

ಮೋಟರ್ ಮತ್ತು ಪಂಪಿನ ನಡುವೆ ಕೆಳಗೆ ನೀರು ಜಿನುಗಿದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ಇದನ್ನು ಮುಂದೂಡಬೇಡಿ. ಆ ನೀರು ಬೇರಿಂಗಿಗೆ ಹೋಗಿ, ಚಿಕ್ಕ ಸೀಲಿನ ಖರ್ಚು ಮೋಟರಿನ ಖರ್ಚಾಗುತ್ತದೆ.

ಕರೆಂಟು ಮತ್ತು ಔಷಧಿ

ಗುಡುಗು ಮಳೆಯ ಮರುದಿನ ಟ್ರಿಪ್ ಆಗುವ ಸ್ವಿಚ್ಚನ್ನು ಮೇಲಿಂದ ಮೇಲೆ ಎತ್ತಬೇಡಿ. ಪೂಲಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇರಲೇಬೇಕು. ಅದು ಬೀಳುತ್ತಿದೆ ಎಂದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಆ ಸ್ವಿಚ್ಚು ನಿಮ್ಮನ್ನು ಕಾಪಾಡುತ್ತಿದೆ. ಅದನ್ನು ತಪ್ಪಿಸಿ ನೇರ ವಯರ್ ಕೊಡುವ ಕೆಲಸಕ್ಕೆ ಯಾರು ಬಂದರೂ ಒಪ್ಪಬೇಡಿ. ನೀರಿಗೆ ಇಳಿದಾಗ, ಏಣಿ ಮುಟ್ಟಿದಾಗ ಸ್ವಲ್ಪ ಜುಮ್ ಎಂದರೂ ಮನೆಯ ಮೇನ್ ಆಫ್ ಮಾಡಿಸಿ. ಒಳಗಿದ್ದವರು ಲೋಹದ ಏಣಿ ಹಿಡಿಯದೆ ಹೊರಗೆ ಬರಲಿ. ಎಲೆಕ್ಟ್ರಿಶಿಯನ್ ಅರ್ಥ್ ಪರೀಕ್ಷೆ ಮಾಡುವವರೆಗೆ ಮಕ್ಕಳು ಹತ್ತಿರ ಹೋಗಬಾರದು.

ಔಷಧಿಯಲ್ಲಿ ಮೂರು ಮಾತು. ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಕ್ಯಾಲ್ಸಿಯಂ ಹೈಪೋ ಪುಡಿ ಮತ್ತು ಟಿಸಿಸಿಎ ಮಾತ್ರೆ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಎರಡೂ ಕ್ಲೋರಿನ್ನೇ ಅಲ್ವಾ ಎಂದು ಒಂದೇ ಚಮಚ, ಒಂದೇ ತೇಲುವ ಡಬ್ಬಿ ಬಳಸಬೇಡಿ. ಯಾವಾಗಲೂ ನೀರಿಗೆ ಔಷಧಿ ಹಾಕಬೇಕು, ಔಷಧಿಗೆ ನೀರು ಹೊಯ್ಯಬಾರದು. ಪಂಪ್ ಶೆಡ್ಡಿನಲ್ಲಿ ಮಳೆನೀರು ಸಿಡಿಯುವ ಜಾಗದಲ್ಲಿ ಡಬ್ಬಿ ಇಡಬೇಡಿ.

ಕಟಪಾಡಿಯ ನೀರು ಸರಿಯಾದದ್ದು

ಆ ಮನೆಯಲ್ಲಿ ಮೊದಲು ಬೋರ್‌ವೆಲ್ ಪೈಪ್ ಬಂದ್ ಮಾಡಿಸಿದೆ. ಆಲ್ಕಲಿನಿಟಿ 60 ಇತ್ತು. ಕೊಳೆಯನ್ನು ಕಟ್ಟಿ ತಳಕ್ಕಿಳಿಸುವ ಆಲಂ (ಪಟಿಕ) ಹಾಕಿದರೆ ಅದು ಇನ್ನೂ ಇಳಿಯುತ್ತದೆ, ಹಾಗಾಗಿ ಸೋಡಾ ಹಾಕಿ 120ಕ್ಕೆ ತಂದೆವು. ಕಬ್ಬಿಣ ಪೂರ್ತಿ ಹೊರಗೆ ಬರಲಿ ಎಂದು ಸ್ವಲ್ಪ ಕ್ಲೋರಿನ್ ಹಾಕಿ ಒಂದು ಹಗಲು ಪಂಪು ಓಡಿಸಿದೆವು. ನೀರು ಹಸಿರಿನಿಂದ ಕಂದಾಯಿತು, ಮನೆಯವರ ಮುಖ ಸಣ್ಣದಾಯಿತು. ಸಂಜೆ ಒಂದು ಬಕೆಟಿನಲ್ಲಿ ಆಲಂ ಹಾಕಿ ಪ್ರಯೋಗ ನೋಡಿದೆವು, ಅರ್ಧ ಗಂಟೆಯಲ್ಲಿ ಕಂದು ಚೂರುಗಳು ಹತ್ತಿಯ ಹಾಗೆ ಕಟ್ಟಿ ತಳಕ್ಕೆ ಇಳಿದವು. ಅದೇ ಲೆಕ್ಕದಲ್ಲಿ ಎರಡು ಕಿಲೋ ಆಲಂ ನೀರಿನಲ್ಲಿ ಕರಗಿಸಿ ಪೂಲಿಗೆ ಹೊಯ್ದು, ವಾಲ್ವನ್ನು ರೀಸರ್ಕ್ಯುಲೇಟ್‌ಗೆ (ನೀರು ಮರಳಿಗೆ ಹೋಗದೆ ಪೂಲಿಗೇ ತಿರುಗುವ ಸ್ಥಾನ) ತಿರುಗಿಸಿ ಎರಡು ಗಂಟೆ ಓಡಿಸಿ, ಪಂಪು ನಿಲ್ಲಿಸಿದೆವು. ರಾತ್ರಿ ಯಾರೂ ನೀರು ಮುಟ್ಟಲಿಲ್ಲ.

ಬೆಳಿಗ್ಗೆ ತಳದಲ್ಲಿ ಕೆಮ್ಮಣ್ಣಿನ ಹೊದಿಕೆ ಹಾಸಿದ ಹಾಗೆ ಇತ್ತು, ಮೇಲೆ ಗಾಜಿನಂಥ ನೀರು. ವಾಲ್ವ್ ವೇಸ್ಟ್‌ಗೆ (ನೀರು ನೇರ ಹೊರಗೆ ಹೋಗುವ ಸ್ಥಾನ) ಇಟ್ಟು, ನಿಧಾನವಾಗಿ, ಕೆಸರು ಕದಡದ ಹಾಗೆ ವ್ಯಾಕ್ಯೂಮ್ ಮಾಡಿದೆ. ಫಿಲ್ಟರಿಗೆ ಕಳಿಸಿದ್ದರೆ ಮರಳೆಲ್ಲ ಕಟ್ಟುತ್ತಿತ್ತು. ಒಂದು ಗೇಣು ನೀರು ಹೋಯಿತು. ಅದನ್ನು ತುಂಬಲು ಟ್ಯಾಂಕರ್ ಬಂದಾಗ ನಾನು ಹೇಳುವ ಮೊದಲೇ ಆ ಮನೆಯ ಹುಡುಗ ಬಿಳಿ ಬಕೆಟ್ ಹಿಡಿದು ಓಡಿದ. ಟ್ಯಾಂಕರ್ ನೀರಿಗೆ ಒಂದು ಚಿಟಿಕೆ ಕ್ಲೋರಿನ್ ಹಾಕಿ, ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತು ನೋಡಿ, "ಬಣ್ಣ ಬರಲಿಲ್ಲ ಮಾಮ, ಬಿಡಬಹುದು" ಅಂದ.